ಮಕ್ತಲ್ ರಸ್ತೆಯ ವಿಲ್ಲಾ ಮತ್ತು ನನ್ನ ಖರೇ ಮಾತು

ನಾರಾಯಣಪೇಟೆ, ಮಕ್ತಲ್, ಗದ್ವಾಲ, ಈ ಮೂರು ಊರುಗಳೊಳಗೆ ನನ್ನಷ್ಟು ಜನರನ್ನು ಬೇಸ್ತು ಬೀಳಿಸಿದವನು ಇನ್ನೊಬ್ಬನಿದ್ದರೆ ಬಂದು ಹೇಳಲಿ, ಅವನ ಮನೆಯಂಗಳ ನಾನು ಗುಡಿಸುತ್ತೇನೆ. ಎಪ್ಪತ್ತು ದಾಟಿದ್ದೇನೆ, ಇನ್ನೂ ಒಬ್ಬನೂ ಬಂದಿಲ್ಲ. ಗದ್ವಾಲದಲ್ಲಿ ನನ್ನ ಹಾಗೆಯೇ ಪ್ಲಾಟು ಮಾರುವ ಗೆಳೆಯನೊಬ್ಬನಿದ್ದ. ಅವನು ಊಟಕ್ಕೆ ಹೋಗಿದ್ದಾಗ ಅವನ ‘ಮಾರಾಟಕ್ಕಿದೆ’ ಬೋರ್ಡನ್ನು ಕಿತ್ತು ಅವನ ಮಾವನ ದನದ ಕೊಟ್ಟಿಗೆಯ ಮುಂದೆ ನೆಟ್ಟು ಬಂದೆ. ಸಂಜೆಯೊಳಗೆ ಮೂರು ಪಾರ್ಟಿಗಳು ಬಂದು ಕೊಟ್ಟಿಗೆಯ ದರ ವಿಚಾರಿಸಿದವು. ಮೊದಲ ಇಬ್ಬರನ್ನು ಬಾರುಕೋಲು ಹಿಡಿದು ಓಡಿಸಿದ ಮಾವ, ಮೂರನೆಯವನನ್ನು ಒಳಗೆ ಕರೆದು ಚಹಾ ಕುಡಿಸಿದ. ಕೊಟ್ಟಿಗೆ ನಿಜವಾಗಿಯೂ ಮಾರಿ ಹೋಯಿತು. ಗೆಳೆಯ ಒಂದು ವರ್ಷ ನನ್ನೊಡನೆ ಮಾತು ಬಿಟ್ಟ. ಅವನ ಮಾವ ಮಾತ್ರ ಇವತ್ತಿಗೂ ಸಿಕ್ಕಲ್ಲಿ ನನಗೆ ಕೈ ಮುಗಿಯುತ್ತಾನೆ.

ಕೀಟಲೆಯವನೆಂಬ ಈ ಹೆಸರಿನಿಂದಲೇ ನಾನು ನಲವತ್ತು ವರ್ಷ ಅನ್ನ ಉಂಡೆ. ನಗಿಸುವವನ ಹತ್ತಿರ ಜನ ತಾವಾಗಿಯೇ ಬಂದು ಕೂಡುತ್ತಾರೆ, ಕೂತವರು ಮಾತಾಡುತ್ತಾರೆ, ಮಾತಾಡಿದವರು ಜಾಗ ಕೊಳ್ಳುತ್ತಾರೆ. ಆದರೆ ಇದೇ ಹೆಸರು ಒಂದು ದಿನ ನನ್ನ ಕತ್ತು ಹಿಸುಕುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಸ್ವಲ್ಪವಾದರೂ ಹದ್ದುಬಸ್ತಿನಲ್ಲಿ ಇರುತ್ತಿದ್ದೆ. ಜೀವಮಾನದಲ್ಲಿ ಒಂದೇ ಒಂದು ಸಲ, ಎದೆಯ ಮೇಲೆ ಕೈ ಇಟ್ಟು, ಒಬ್ಬ ಹೆಣ್ಣುಮಗಳಿಗೆ ಖರೇ ಮಾತು ಹೇಳಲು ಹೋದೆ. ಆ ನಾಲ್ಕು ದಿನ ನೆನೆದರೆ ಇವತ್ತಿಗೂ ತಲೆ ಬಿಸಿಯಾಗುತ್ತದೆ.

ಹೊಲ ಕೊಂಡು, ಸುತ್ತ ಗೋಡೆ ಎಬ್ಬಿಸಿ, ಒಳಗೆ ರಸ್ತೆ ಹಾಕಿ ಮಾರುವುದಕ್ಕೆ ನಮ್ಮಲ್ಲಿ ವೆಂಚರ್ ಎನ್ನುತ್ತಾರೆ. ತೆಲುಗು ಗಡಿಯ ನಮ್ಮ ನಾರಾಯಣಪೇಟೆ ಜಿಲ್ಲೆಯಾದ ಮೇಲೆ ವೆಂಚರುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಮೊದಮೊದಲು ಖಾಲಿ ಪ್ಲಾಟುಗಳು. ಆಮೇಲೆ ಹೊರಗಿನಿಂದ ಬಂದ ಒಬ್ಬ ಬಿಲ್ಡರ್ ಮಕ್ತಲ್ ರಸ್ತೆಯಲ್ಲಿ ಇಪ್ಪತ್ತು ವಿಲ್ಲಾ ಕಟ್ಟಿದ. ದೊಡ್ಡ ಕಮಾನು, ಲಾರಿಯಲ್ಲಿ ತಂದು ನೆಟ್ಟ ಈಚಲು ಜಾತಿಯ ಮರಗಳು, ಮನೆಯೊಳಗೇ ಲಿಫ್ಟು, ದೇವರ ಕೋಣೆಯಲ್ಲಿ ಬಣ್ಣ ಬದಲಿಸುವ ದೀಪ. ಅವನ ಹತ್ತಿರ ಕೋಟು ತೊಟ್ಟ ಹುಡುಗಿಯರಿದ್ದರು, ಮನೆಯನ್ನು ಆಕಾಶದಿಂದ ತೋರಿಸುವ ವಿಡಿಯೋ ಇತ್ತು. ಆರು ತಿಂಗಳು ಕಳೆದರೂ ಒಂದು ಮನೆಯೂ ಹೋಗಲಿಲ್ಲ. ಆಗ ಯಾರೋ ಅವನಿಗೆ ನನ್ನ ಹೆಸರು ಹೇಳಿದರು.

ಅವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಇಂಥ ಮನೆ ಕೊಳ್ಳುವ ತಾಕತ್ತು ಇರುವವರು ಇಲ್ಲಿ ಬೇಳೆ ವ್ಯಾಪಾರಸ್ಥರು, ಸೀರೆ ಅಂಗಡಿಯವರು, ಗದ್ವಾಲದ ಹತ್ತಿ ಬೀಜದ ಸಾಹುಕಾರರು, ನಾಲ್ಕಾರು ಡಾಕ್ಟರುಗಳು. ಇವರಿಗೆ ದುಡ್ಡು ಹೋಗುತ್ತದೆ ಎಂಬ ಭಯಕ್ಕಿಂತ ಜನರ ಮುಂದೆ ಮೋಸ ಹೋದೆವು ಎನಿಸಿಕೊಳ್ಳುವ ಭಯ ದೊಡ್ಡದು. ಸಣ್ಣ ಪ್ಲಾಟು ಕೊಳ್ಳುವವನು ಮನಸ್ಸಿನಲ್ಲಿದ್ದದ್ದನ್ನು ಕೇಳಿಬಿಡುತ್ತಾನೆ. ದೊಡ್ಡ ಮನೆ ಕೊಳ್ಳುವವನು ಕೇಳುವುದೇ ಬೇರೆ, ಅವನಿಗೆ ಬೇಕಾದದ್ದೇ ಬೇರೆ. ಮಾರ್ಬಲ್ ಎಲ್ಲಿಯದು ಎಂದು ಕೇಳುತ್ತಾನೆ. ತನ್ನ ಅಣ್ಣನ ಮನೆಗಿಂತ ಒಂದು ಕೈ ಮೇಲಿದೆಯೋ ಇಲ್ಲವೋ ಎಂಬುದು ಅವನ ಒಳಗಿನ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದರೆ ಅವನ ಅಣ್ಣನ ಮನೆಯನ್ನು ನಾನು ನೋಡಿರಬೇಕು. ನೋಡಿದ್ದೆ. ಮೂರೂ ಊರಿನ ಯಾರ ಮನೆಯಲ್ಲಿ ಎಷ್ಟು ಮೆಟ್ಟಿಲು, ಯಾವ ಅತ್ತೆಗೆ ಯಾವ ಸೊಸೆಯ ಕೋಣೆಯ ಮೇಲೆ ಕಣ್ಣು, ಎಲ್ಲ ನನ್ನ ತಲೆಯಲ್ಲಿತ್ತು.

ವಿಶ್ವಾಸ ಗಳಿಸಲಿಕ್ಕೆ ನನ್ನ ಹತ್ತಿರ ಎರಡು ಪಟ್ಟುಗಳಿದ್ದವು, ಈಗ ಹೇಳಿದರೆ ನಷ್ಟವಿಲ್ಲ. ಒಂದು, ಮನೆಯ ಒಳಗೆ ಕಾಲಿಟ್ಟ ಕೂಡಲೇ ನಾನಾಗಿಯೇ ಒಂದು ಸಣ್ಣ ಐಬು ತೋರಿಸುವುದು. ಇಲ್ಲಿ ನೋಡಿ, ಈ ಟೈಲಿನ ಮೂಲೆ ಮುಕ್ಕಾಗಿದೆ, ನಿಮಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ ಎನ್ನುವುದು. ಗಿರಾಕಿಯ ಮುಖ ಅಲ್ಲಿಗೇ ಅರಳುತ್ತದೆ. ಎರಡನೆಯದು, ಅವನು ತಡ ಮಾಡಿದರೆ, ಬ್ಯಾಡ ಬಿಡಿ, ಇದು ನಿಮಗೆ ಸರಿಹೋಗುವ ಮನೆಯಲ್ಲ ಎಂದುಬಿಡುವುದು. ಬೇಡ ಎಂದ ಮನೆಯ ಮೇಲೆ ಆಸೆ ದುಪ್ಪಟ್ಟಾಗುತ್ತದೆ. ಈ ಎರಡು ಪಟ್ಟಿನಿಂದ ನಾಲ್ಕು ತಿಂಗಳಲ್ಲಿ ಮೂರು ವಿಲ್ಲಾ ದಾಟಿಸಿದೆ. ಕೋಟಿನ ಹುಡುಗಿಯರು ನನಗೆ ಎದ್ದು ನಿಂತು ನಮಸ್ಕಾರ ಮಾಡತೊಡಗಿದರು. ಸುಳ್ಳು ಏಕೆ ಹೇಳಲಿ, ಹಿಗ್ಗಿದೆ.

ನಾಲ್ಕನೆಯ ಗಿರಾಕಿ ನಾರಾಯಣಪೇಟೆಯ ಸೀರೆ ಅಂಗಡಿಯ ಅಕ್ಕಾರು. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು, ಆದರೆ ಗಾದಿಯ ಮೇಲೆ ಕೂತು ವ್ಯಾಪಾರ ಮಾಡುವ ಹೆಣ್ಣುಮಗಳನ್ನು ನಮ್ಮಲ್ಲಿ ವಯಸ್ಸು ನೋಡದೆ ಅಕ್ಕಾರ ಎನ್ನುವುದೇ ರೂಢಿ. ಗಂಡ ತೀರಿದ ಮೇಲೆ ಅಂಗಡಿಯನ್ನೂ, ಹಿಂದಿನ ಮಗ್ಗಗಳನ್ನೂ ಅವರೇ ಸಂಭಾಳಿಸಿದ್ದರು. ಮನೆ ಅಂಗಡಿಯ ಮೇಲೆಯೇ. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಒಟ್ಟು ಹನ್ನೊಂದು ಜನ ಮೂರು ಕೋಣೆಗಳಲ್ಲಿ. ಇಕ್ಕಟ್ಟಾದ ಕಲ್ಲಿನ ಮೆಟ್ಟಿಲು. ಅಕ್ಕಾರ ಮೊಣಕಾಲು ಕೈಕೊಟ್ಟಿದ್ದವು. ಹರೆಯದಲ್ಲಿ ಮಾಡಿಟ್ಟ ಬಂಗಾರ, ಗಂಡ ಕೊಂಡಿದ್ದ ಹೊಲ, ಎಲ್ಲವನ್ನೂ ಒಂದು ಮಾಡಿ ಇಡೀ ಮನೆಮಂದಿಯನ್ನು ಒಂದೇ ಸಲಕ್ಕೆ ಕೆಳಗಿಳಿಸಬೇಕು ಎಂದು ನಿಶ್ಚಯಿಸಿದ್ದರು. ತಪ್ಪಿದರೆ ಇನ್ನೊಂದು ಮನೆ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಅದು ನನಗೂ ಗೊತ್ತಿತ್ತು.

ಬಂದ ದಿನ ನಾನು ಎಂದಿನಂತೆ ಬಚ್ಚಲ ಬಾಗಿಲಿನ ಸಣ್ಣ ಗೀರನ್ನು ತೋರಿಸಿದೆ. ಅವರು ಅದರ ಕಡೆ ನೋಡಲೂ ಇಲ್ಲ.

“ಅಣ್ಣಾರ, ನಿಮ್ಮ ಗೀರು ನಿಮ್ಮ ಹತ್ರನ ಇರ್ಲಿ. ಮೊದ್ಲ ನೀರು ತೋರಸ್ರಿ” ಎಂದರು.

ನಮ್ಮ ಕಡೆ ಹೆಂಗಸರು ಮನೆ ನೋಡುವುದು ಹೀಗೆಯೇ. ಗಂಡಸರು ಗೋಡೆ ತಟ್ಟುತ್ತಾರೆ, ಕಾಗದ ಓದುತ್ತಾರೆ. ಹೆಂಗಸರು ಆ ಮನೆಯ ನೀರು ಒಯ್ದು ತಮ್ಮ ಒಲೆಯ ಮೇಲೆ ತೊಗರಿ ಬೇಳೆ ಬೇಯಿಸುತ್ತಾರೆ. ಉಪ್ಪುಪ್ಪಾದ ಸವಳು ನೀರಿನಲ್ಲಿ ಬೇಳೆ ಕರಗುವುದಿಲ್ಲ, ಎಷ್ಟು ಕುದಿಸಿದರೂ ಹರಳಿನ ಹಾಗೆ ಕಟಕಟ ಎನ್ನುತ್ತದೆ. ದಿನಾ ಎರಡು ಹೊತ್ತು ರೊಟ್ಟಿಗೆ ಬೇಳೆ ಬೇಕಾದ ಮನೆಗಳು ನಮ್ಮವು. ಬೇಳೆ ಬೇಯದ ಮನೆಯಲ್ಲಿ ಲಿಫ್ಟು ಕಟ್ಟಿಕೊಂಡು ಏನು ಮಾಡುವುದು?

ಅಕ್ಕಾರು ಚೀಲದಿಂದ ಸ್ಟೀಲಿನ ಕ್ಯಾನು ತೆಗೆದು ಅಡುಗೆಮನೆಯ ನಳಕ್ಕೆ ತಾವೇ ಹಿಡಿದರು. ನಾನು ಪಕ್ಕದಲ್ಲಿ ನಿಂತು ನನ್ನ ನಾಲಿಗೆಯ ಹಗ್ಗ ಬಿಚ್ಚಿದೆ.

“ಅಕ್ಕಾರ, ಈ ಬೋರಿನ ನೀರು ಮಂದಿ ಬಾಯಿಗೆ ಹತ್ತಿದ್ರ ಎಳನೀರು ಮಾರೋವ್ರು ಅಂಗಡಿ ಮುಚ್ಗೊಂಡು ಪುಣೇಕ ದುಡಿಯಾಕ ಹೋಗ್ಬೇಕ್ರಿ.”

ಅವರ ಸೊಸೆ ನಕ್ಕಳು. ಅಕ್ಕಾರೂ ಮೂಗಿನ ತುದಿಯಲ್ಲಿ ನಕ್ಕಂತೆ ಮಾಡಿದರು. ಮರುದಿನ ಮುಂಜಾನೆ ಫೋನು ಬಂತು. ಬೇಳೆ ಬೆಣ್ಣೆಯಂತಾಗಿದೆ, ಬರುವ ಸೋಮವಾರ ಒಳ್ಳೆಯದಿದೆ, ಬಯಾನಾ ಕೊಟ್ಟುಬಿಡುತ್ತೇನೆ ಎಂದರು. ಬಯಾನಾ ಎಂದರೆ ಮುಂಗಡ. ನಮ್ಮಲ್ಲಿ ಒಮ್ಮೆ ಬಯಾನಾ ಕೈ ಬದಲಾಯಿತೆಂದರೆ ಅದನ್ನು ಹಿಂದಕ್ಕೆ ಕೇಳುವುದು ಮಾನ ಇದ್ದವರ ಕೆಲಸವಲ್ಲ.

ಸೋಮವಾರಕ್ಕೆ ಇನ್ನೂ ಆರು ದಿನವಿದ್ದ ಮಂಗಳವಾರ. ಬೇರೊಬ್ಬ ಗಿರಾಕಿಗಾಗಿ ಕೀಲಿ ತರಲೆಂದು ಬೆಳಗ್ಗೆ ಬೇಗ ವೆಂಚರಿಗೆ ಹೋದೆ. ಹಿಂದಿನ ಗೇಟಿನಲ್ಲಿ ಟ್ಯಾಂಕರ್ ನಿಂತಿತ್ತು. ಅದರ ದಪ್ಪ ಪೈಪು ಮೇಲಿನ ದೊಡ್ಡ ಟ್ಯಾಂಕಿಗೆ ಏರಿತ್ತು. ಗಿಡಗಳಿಗೆ ನೀರು ಹೊಡೆಯುತ್ತಿರಬೇಕು ಎಂದುಕೊಂಡು ಕಾವಲುಗಾರನನ್ನು ಸುಮ್ಮನೆ ಕೇಳಿದೆ. ಮಾಗನೂರು ಕಡೆಯ ನಡುವಯಸ್ಸಿನ ಮನುಷ್ಯ, ಸುಳ್ಳು ಹೇಳಲು ಬಾರದವನು. ಅದು ಹೊಳೆಯ ನೀರು, ವಾರಕ್ಕೆ ಎರಡು ಸಲ ಬರುತ್ತದೆ, ಮನೆ ನೋಡಲು ಬಂದವರಿಗೆ ನಳದಲ್ಲಿ ಬಿಡುವುದು ಇದನ್ನೇ ಎಂದ.

ಹಾಗಾದರೆ ಬೋರು ಎಂದೆ.

“ಬೋರಿನ ನೀರಾಗ ಕಾಲು ತೊಳಕೊಂಡ್ರ ಸುಣ್ಣ ಬಳದಂಗ ಆಗ್ತಾವ್ರೀ ತಾತಾ. ಅದನ್ನ ಯಾರು ಕುಡೀತಾರ?”

ಅವನು ಪಂಪು ಹಾಕಿದ. ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡೆ. ಕಣ್ಣೀರು ಕುಡಿದಂತಿತ್ತು, ಉಗುಳಿದರೂ ನಾಲಿಗೆಯಿಂದ ಹೋಗಲಿಲ್ಲ.

ಅಲ್ಲಿ ನಿಂತಾಗ ನನಗೆ ಆದದ್ದನ್ನು ಹೇಗೆ ಹೇಳಲಿ. ನಾನು ಜೀವಮಾನದಲ್ಲಿ ಸಾವಿರ ಸುಳ್ಳು ಹೇಳಿದವನು, ಆದರೆ ಪ್ರತಿಯೊಂದನ್ನೂ ಸುಳ್ಳೆಂದು ತಿಳಿದೇ ಹೇಳಿದ್ದೆ. ಎಳನೀರಿನ ಮಾತನ್ನು ಖರೇ ಎಂದು ನಂಬಿ ಆಡಿದ್ದೆ. ಮೂರೂರಿನವರನ್ನು ಕುಣಿಸುವ ನನ್ನನ್ನು ಒಬ್ಬ ಹೊರಗಿನವನು ಕೋತಿಯ ಹಾಗೆ ಕುಣಿಸಿದ್ದ. ನನ್ನ ಬಾಯಿಂದಲೇ ಆ ಹೆಣ್ಣುಮಗಳ ಬದುಕಿನ ಗಳಿಕೆಯನ್ನೆಲ್ಲ ಸವಳು ನೀರಿನಲ್ಲಿ ಮುಳುಗಿಸಲು ಹೊರಟಿದ್ದ. ಮೊದಲು ಮೂರು ವಿಲ್ಲಾ ಕೊಂಡವರು ಇನ್ನೂ ಒಕ್ಕಲು ಬಂದಿರಲಿಲ್ಲ, ಅವರ ಮುಖಗಳೂ ಕಣ್ಣ ಮುಂದೆ ಬಂದವು.

ಬಿಲ್ಡರನ ಹತ್ತಿರ ಹೋದೆ. ಅವನು ತಿಂಡಿ ತಿನ್ನುತ್ತಿದ್ದ. ಸರ್ಕಾರದ ಹೊಳೆ ನೀರಿನ ಪೈಪು ಇವತ್ತಲ್ಲ ನಾಳೆ ಬಂದೇ ಬರುತ್ತದೆ, ಅಲ್ಲಿಯವರೆಗೆ ಎಲ್ಲರೂ ಮಾಡುವುದು ಹೀಗೆಯೇ ಎಂದ. ನಾನು ಬಿಡಲಿಲ್ಲ. ಆಗ ಕೈ ತೊಳೆಯುತ್ತ ತೆಲುಗಿನಲ್ಲಿ, “ಊರಂತಾ ಆಡಿಂಚೇವಾಡಿವಿ ಪೆದ್ದಾಯನಾ, ನೀಕೆಂದುಕು?” ಎಂದು ನಕ್ಕ. ಊರನ್ನೆಲ್ಲ ಆಡಿಸುವವನು ನೀನು ಹಿರಿಯಾ, ನಿನಗ್ಯಾಕೆ ಇದೆಲ್ಲ ಎಂದು. ಆ ನಗು ನನ್ನದೇ ನಗುವಿನ ಹಾಗಿತ್ತು. ಅದಕ್ಕೇ ಹೆಚ್ಚು ಉರಿಯಿತು.

ಅವತ್ತೇ ಮಧ್ಯಾಹ್ನ ಅಕ್ಕಾರ ಅಂಗಡಿಗೆ ಹೋದೆ. ಬಿಳಿ ಹಾಸಿನ ಗಾದಿಯ ಮೇಲೆ ಕೂತು ಸೀರೆ ಮಡಿಸುತ್ತಿದ್ದರು. ಸುತ್ತು ಬಳಸದೆ ಹೇಳಿದೆ. ಆ ಮನೆ ಬೇಡ, ನೀವು ಒಯ್ದದ್ದು ಟ್ಯಾಂಕರಿನ ನೀರು, ಬೋರು ಸವಳು, ನನಗೂ ಇವತ್ತೇ ಗೊತ್ತಾಯಿತು ಎಂದೆ. ಅಕ್ಕಾರು ಅಂಚಿಗೆ ಅಂಚು ಕೂಡಿಸಿ ಮಡಿಕೆ ಒತ್ತಿದರು. ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ನಗತೊಡಗಿದರು.

“ಯಾರು ಬಂದಾರ್ರಿ ಅಣ್ಣಾರ? ಗದ್ವಾಲದ ಬೀಜದ ಸಾಹುಕಾರ?”

ಯಾರೂ ಬಂದಿಲ್ಲ ಎಂದೆ. ಹೆಚ್ಚು ಕೊಡುವವನು ಯಾರೋ ಬಂದಿದ್ದಾನೆ, ಅದಕ್ಕೇ ನನ್ನನ್ನು ಸರಿಸಲು ನೋಡುತ್ತಿದ್ದೀರಿ ಎಂದರು. ಇಲ್ಲವೆಂದರೆ ನಿಮ್ಮ ಹಳೆಯ ಪಟ್ಟು ಹಾಕಿದ್ದೀರಿ, ಬೇಡ ಎಂದರೆ ನಾನು ಬೇಕು ಬೇಕು ಎನ್ನುತ್ತೇನೆ ಎಂದು ತಾನೆ ಎಂದರು. ನನ್ನ ಎರಡನೆಯ ಪಟ್ಟು ಅವರಿಗೆ ಅಕ್ಷರ ಅಕ್ಷರವಾಗಿ ಗೊತ್ತಿತ್ತು. ನಾನು ವಿಲ್ಲಾ ಮಾರಿದವರಲ್ಲಿ ಒಬ್ಬನ ಹೆಂಡತಿ ಅವರ ಅಂಗಡಿಯಲ್ಲೇ ಸೀರೆ ಕೊಳ್ಳುತ್ತಾಳಂತೆ. ನಾನು ಆಣೆ ಇಟ್ಟೆ. ಅಂಗಡಿಗೆ ಬಂದಿದ್ದ ಇಬ್ಬರು ಹೆಂಗಸರೂ ನಕ್ಕರು. ನನ್ನ ಆಣೆಗಳ ಕತೆ ಅವರಿಗೂ ತಿಳಿದಿತ್ತು ಎಂದು ಕಾಣುತ್ತದೆ.

ಕೊನೆಗೆ ಅಕ್ಕಾರು ಒಂದು ಮಾತು ಹೇಳಿ ನನ್ನ ಜೀವ ತೆಗೆದರು. “ಸೋಮಾರ ತನಕ ಯಾಕ ತಡಾ ಮಾಡೋದು. ಲಕ್ಷ್ಮೀ ವಾರ ಐತಿ, ಶುಕ್ರಾರನ ಬಯಾನಾ ಕೊಟ್ಬಿಡ್ತೀನಿ.”

ತಪ್ಪಿಸಲು ಹೋದವನು ಮೂರು ದಿನ ಮುಂಚೆ ತಂದಿಟ್ಟು ಬಂದಿದ್ದೆ. ಆರು ದಿನವಿದ್ದದ್ದು ಮೂರಾಯಿತು.

ಬುಧವಾರ ಬೋರಿನ ನೀರನ್ನೇ ಕ್ಯಾನಿನಲ್ಲಿ ಹಿಡಿದುಕೊಂಡು ಅವರ ಮನೆಯ ಆ ಕಲ್ಲಿನ ಮೆಟ್ಟಿಲು ಹತ್ತಿದೆ. ಇಳಿವಯಸ್ಸಿನಲ್ಲಿ ನನ್ನ ಮೊಣಕಾಲೂ ಅವರ ಮೊಣಕಾಲಿನ ಅಣ್ಣತಮ್ಮಂದಿರೇ. ಏದುಸಿರು ಬಿಡುತ್ತ ಕ್ಯಾನು ಕೆಳಗಿಟ್ಟೆ. ಬೇಳೆ ಹಾಕಿ ನೋಡಿರಿ ಎಂದೆ. ಅಕ್ಕಾರು ಒಂದು ಹನಿ ಬೆರಳಿಗೆ ಹಚ್ಚಿ ನೆಕ್ಕಿದರು. ಮುಖ ಕಿವುಚಿದರು.

“ಉಪ್ಪು ಎಷ್ಟು ಹಿಡಿ ಹಾಕೀರಿ?”

ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಓಡಿದಳು. ಅವಳ ನಗು ಅಡುಗೆಮನೆಯಿಂದ ಹೊರಗೆ ಕೇಳುತ್ತಿತ್ತು. ಅಕ್ಕಾರು ನನ್ನ ಮುಂದೆಯೇ ಆ ನೀರನ್ನು ಮೋರಿಗೆ ಸುರಿದು, ಕ್ಯಾನು ತೊಳೆದು, ಖಾಲಿ ಕೈಯಲ್ಲಿ ಹೋಗಬಾರದೆಂದು ಅದರಲ್ಲಿ ಒಂದಿಷ್ಟು ಮಜ್ಜಿಗೆ ತುಂಬಿ ಕೊಟ್ಟರು. ಮಜ್ಜಿಗೆ ಚೆನ್ನಾಗಿತ್ತು. ಅದೂ ಸಿಟ್ಟು ತರಿಸಿತು.

ಗುರುವಾರ ಮನೆಯಲ್ಲಿ ಹೆಂಡತಿಯ ಕಾಲು ಹಿಡಿಯುವುದೊಂದು ಬಾಕಿ. ನೀನಾದರೂ ಹೋಗಿ ಹೇಳು, ನಿನ್ನನ್ನು ನಂಬುತ್ತಾರೆ ಎಂದು ಬೇಡಿಕೊಂಡೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು, “ಖರೇನ ಟ್ಯಾಂಕರ್ ಐತೇನು, ಇಲ್ಲಾ ನನ್ನೂ ಸೇರಿಸ್ಕೊಂಡು ಏನರ ಆಟ ಹೂಡಿಯೋ?”

ಅಲ್ಲಿಂದ ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ನಲವತ್ತೈದು ವರ್ಷ ಒಂದೇ ಒಲೆಯ ಅಡುಗೆ ಉಂಡವಳು ಹೀಗೆ ಕೇಳಿದ ಮೇಲೆ ಸೀರೆ ಅಂಗಡಿಯವರನ್ನು ಬೈದು ಏನು ಪ್ರಯೋಜನ? ಅವರಿವರ ಬಾಯಲ್ಲಿ ಹೇಳಿಸೋಣವೆಂದು ಕಾವಲುಗಾರನನ್ನು ಕೇಳಿದೆ. ಅವನು ಕೈ ಮುಗಿದ. ಕೆಲಸ ಹೋದರೆ ಮತ್ತೆ ಊರು ಬಿಟ್ಟು ದುಡಿಯಲು ಹೋಗಬೇಕು, ತನ್ನನ್ನು ಎಳೆಯಬೇಡ ಎಂದ. ಅವನ ಮೇಲೆ ಒತ್ತಾಯ ಹಾಕಲು ಮನಸ್ಸಾಗಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ವೆಂಚರಿನೊಳಗಿನ ಬಿಲ್ಡರನ ಆಫೀಸು ಮದುವೆ ಮನೆಯಂತಾಗಿತ್ತು. ಗಾಜಿನ ಬಾಗಿಲಿಗೆ ಮಾವಿನ ತೋರಣ. ಮೇಜಿನ ಮೇಲೆ ವಿಲ್ಲಾದ ನಕಾಶೆ, ಅದರ ಮೇಲೆ ಎಲೆ ಅಡಿಕೆಯ ತಟ್ಟೆ, ಅಕ್ಕಾರು ಮನೆಯಿಂದ ತಂದ ತಾಮ್ರದ ಕೊಡ, ತೆಂಗಿನಕಾಯಿ. ಪೂಜೆ ಮಾಡಿಸುವ ಅಯ್ಯನವರು ಬಂದು ಕೂತಿದ್ದರು. ಅಕ್ಕಾರು ಮಡಿಲಲ್ಲಿ ಕೆಂಪು ಬಟ್ಟೆಯ ಗಂಟು ಇಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹಿರಿಯ ಮಗ. ನಾನು ಒಳಗೆ ಹೋಗುತ್ತಲೇ ಬಿಲ್ಡರ್ ಎದ್ದು ನನ್ನ ಹೆಗಲ ಮೇಲೆ ಕೈ ಹಾಕಿ, ಈ ಪೆದ್ದಾಯನ ನಮ್ಮ ಮನೆಯವರು, ಇವರ ಮಾತೇ ನಮಗೆ ಖಾತ್ರಿ ಎಂದ.

ಅಲ್ಲಿ ನನಗೆ ಏನೋ ಆಯಿತು. ಹೇಳಬೇಕೆಂದು ದಾರಿಯುದ್ದಕ್ಕೂ ಚೆಂದದ ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಹಾರಿಹೋಯಿತು. ಅವನ ಕೈ ಕಿತ್ತೆಸೆದೆ. ಬಿಲ್ಡರನಿಗೆ ಒಂದು ಮಾತೂ ಬೈಯಲಿಲ್ಲ. ಬೈದದ್ದು ಅಕ್ಕಾರಿಗೆ.

“ನಿನಗ ಬುದ್ಧಿ ಐತೇನು? ಹನ್ನೊಂದು ಮಂದಿ ಉಣ್ಣೋ ಮನಿ ನಿಂದು. ನಾಳಿ ಟ್ಯಾಂಕರ್ ಯಾರು ತರಸ್ತಾರ, ಇಂವ ತರಸ್ತಾನ? ಮೂರು ದಿನ ಆತು, ನಾಯಿ ಹಂಗ ನಿನ್ನ ಬಾಗ್ಲಾ ತಿರುಗೀನಿ. ಉಪ್ಪು ಹಾಕೀನಂತ, ಉಪ್ಪು. ತಗೋ, ತಗೊಂಡು ಹಾಳಾಗಿ ಹೋಗು. ಆಮ್ಯಾಲ ನನ್ನ ಮುಂದ ಬಂದು ಅತ್ರ ನಾ ಕದಾನೂ ತಗ್ಯಾಂಗಿಲ್ಲ.”

ಹಿರಿಯ ಮಗ ಎದ್ದು ನಿಂತ, ಹೊಡೆಯುತ್ತಾನೆ ಎಂದುಕೊಂಡೆ. ಅಷ್ಟು ದೊಡ್ಡ ಹೆಣ್ಣುಮಗಳಿಗೆ ಅಂಥ ಮಾತು ಆಡಿದೆನಲ್ಲ ಎಂದು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕಾರು ಮಾತ್ರ ಮಗನ ತೋಳು ಹಿಡಿದು ಕೂಡಿಸಿದರು. ನೂಲಿನ ಬಣ್ಣ ನಿಲ್ಲುತ್ತದೋ ಬಿಡುತ್ತದೋ ಎಂದು ಬೆಳಕಿಗೆ ಹಿಡಿದು ನೋಡುವವರ ಹಾಗೆ ನನ್ನ ಮುಖವನ್ನು ನೋಡಿದರು. ಆಮೇಲೆ ಕೆಂಪು ಗಂಟನ್ನು ಮಗನ ಕೈಗೆ ಕೊಟ್ಟರು. ಪೂಜೆಯ ಕೊಡದ ಮೇಲಿನ ಕಾಯಿಯನ್ನು ತೆಗೆದು ಅಯ್ಯನವರ ಮುಂದೆ ಇಟ್ಟರು, ಕೊಡದ ನೀರನ್ನು ಬಾಗಿಲ ಹೊರಗಿನ ಗಿಡಕ್ಕೆ ಸುರಿದರು. ಕೊಡ ಹಿಡಿದು, ಮೊಣಕಾಲಿನ ಮೇಲೆ ಒಂದು ಕೈ ಊರಿಕೊಳ್ಳುತ್ತ, ಸೀದಾ ಹಿಂದಿನ ಬೋರಿನ ಕಡೆ ನಡೆದರು.

ಬಿಲ್ಡರ್ ಬೆನ್ನು ಹತ್ತಿ, ಅಮ್ಮಾ ಅಮ್ಮಾ, ಕರೆಂಟು ಇಲ್ಲ ಎಂದ. ಆಫೀಸಿನೊಳಗಿನ ಏಸಿ ಗುಂಯ್ ಎನ್ನುತ್ತಿತ್ತು. ಅಕ್ಕಾರು ಕಾವಲುಗಾರನಿಗೆ ಪಂಪು ಹಾಕಪ್ಪಾ ಎಂದರು. ಅವನು ಒಮ್ಮೆ ಬಿಲ್ಡರನನ್ನೂ ಒಮ್ಮೆ ಅವರನ್ನೂ ನೋಡಿ, ಗುಂಡಿ ಒತ್ತಿದ. ಅವರು ತಾವೇ ಕೊಡ ಹಿಡಿದು, ತಾವೇ ತುಂಬಿ, ತಾವೇ ಎತ್ತಿ ಮಗನ ಗಾಡಿಯಲ್ಲಿ ಇಟ್ಟುಕೊಂಡು ಹೋದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ನಾನು ಕೊಡ ಮುಟ್ಟಲು ಹೋಗಿದ್ದರೂ ಬಿಡುತ್ತಿರಲಿಲ್ಲ ಎನಿಸುತ್ತದೆ.

ನಾನು ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತೆ. ಅಯ್ಯನವರು ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಬಿಲ್ಡರ್ ಬಂದು, ಇವತ್ತಿನಿಂದ ನಿನ್ನ ನೆರಳು ಈ ಕಮಾನಿನೊಳಗೆ ಬೀಳಬಾರದು, ಕೀಲಿ ಕೊಡು ಎಂದ. ಕೊಟ್ಟೆ.

ಮಧ್ಯಾಹ್ನ ಎರಡರ ಸುಮಾರಿಗೆ ಗಾಡಿ ಮತ್ತೆ ಬಂತು. ಅಕ್ಕಾರ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಕುಕ್ಕರು. ಇನ್ನೂ ಬಿಸಿಯಿತ್ತು. ಆಫೀಸಿನೊಳಗೆ ಹೋಗಿ ಅದನ್ನು ನಕಾಶೆಯ ನಟ್ಟನಡುವೆ ಇಟ್ಟು ಮುಚ್ಚಳ ತೆಗೆದರು. ನಾನು ಗಾಜಿನ ಬಾಗಿಲ ಹೊರಗೆ ನಿಂತು ನೋಡಿದೆ. ಮೇಲೆ ಹಳದಿ ನೀರು, ಕೆಳಗೆ ಬೇಳೆ ಬೇಳೆಯಾಗಿಯೇ ಇತ್ತು, ಅಂಗಡಿಯಿಂದ ತಂದ ಹಾಗೆ. ಹನ್ನೆರಡು ಸೀಟಿ ಹೊಡೆಸಿದ್ದೇನೆ, ಒಂದು ಕಾಳು ಹಿಚುಕಿ ನೋಡಿರಿ ಎಂದು ಬಿಲ್ಡರನಿಗೆ ಹೇಳಿದರು. ಅವನು ಬೆರಳು ಮುಂದೆ ಮಾಡಲಿಲ್ಲ.

ಹೊಳೆಯ ಪೈಪು ಬಂದು, ಅಡುಗೆಮನೆಯ ನಳದಲ್ಲಿ ಆ ನೀರು ಬಿದ್ದ ದಿನವೇ ಬಯಾನಾ, ಹಾಗೆಂದು ಕಾಗದದ ಮೇಲೆ ಬರೆದು ಕೊಡಿರಿ ಎಂದರು ಅಕ್ಕಾರು. ನಳ ತಿರುಗಿಸುವವರು ಆ ಅಣ್ಣಾರು, ಅವರು ಬರದಿದ್ದರೆ ನಾನೂ ಬರುವುದಿಲ್ಲ ಎಂದೂ ಸೇರಿಸಿದರು. ಬಿಲ್ಡರ್ ಯೋಚಿಸಿ ಹೇಳುತ್ತೇನೆ ಎಂದ. ಇವತ್ತಿನ ತನಕ ಯೋಚಿಸುತ್ತಲೇ ಇದ್ದಾನೆ.

ಹೊರಗೆ ಬಂದವರ ಮುಂದೆ ನಾನು ತಲೆ ತಗ್ಗಿಸಿ ನಿಂತೆ. ಬೈದದ್ದು ತಪ್ಪಾಯಿತು ಎಂದೆ. ಅಕ್ಕಾರು ಗಾಡಿಯ ಬಾಗಿಲು ಹಿಡಿದು ನಿಂತರು.

“ನೀವು ಸುಳ್ಳು ಹೇಳೋವಾಗ ನಮ್ಮನ್ನ ನಗಸ್ತೀರಿ ಅಣ್ಣಾರ. ಎಳನೀರು ಅಂದಾಗ ನಗಸಿದ್ರಿ. ಅಂಗಡಿಯಾಗ ಆಣಿ ಇಟ್ಟಾಗ ನಿಮ್ಮ ಮಾರಿ ನೋಡೇ ಮಂದಿ ನಕ್ಕರು. ಇವತ್ತ ನಿಮ್ಮ ಮಾತಿಗೆ ಯಾರಿಗೂ ನಗಿ ಬರಲಿಲ್ಲ.”

ಹಾಗಾದರೆ ನನ್ನನ್ನು ನಂಬಿದಿರಾ ಎಂದು ಆಸೆಯಿಂದ ಕೇಳಿದೆ.

“ನಿಮ್ಮನ್ನ ನಂಬಿದ್ರ ಕುಕ್ಕರ್ ಯಾಕ ಇಡ್ತಿದ್ದೆ? ನಿಮ್ಮ ಸಿಟ್ಟು ನೋಡಿ ಒಂದು ಸಲ ಬೇಯಿಸಿ ನೋಡೂಣು ಅನಿಸ್ತು, ಅಷ್ಟ.”

ಅಷ್ಟ. ಮೂರೂ ಊರು ಬಲ್ಲ ನನ್ನ ನಲವತ್ತು ವರ್ಷದ ನಾಲಿಗೆ ಮಾಡದ ಕೆಲಸವನ್ನು ಅರೆ ನಿಮಿಷದ ಬೈಗುಳ ಮಾಡಿತ್ತು, ಅದೂ ಅರ್ಧ.

ಇದು ಇಲ್ಲಿಗೆ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮೊದಲು ಕೊಂಡಿದ್ದ ಮೂವರಿಗೂ ನಾನೇ ಹೋಗಿ ಹೇಳಿದೆ. ಇಬ್ಬರು ನನ್ನ ತಾಯಿ ತಂದೆಯನ್ನೆಲ್ಲ ನೆನೆದರು. ಮೂರನೆಯವನು ನಕ್ಕು, ಈಗ ನನ್ನ ಮನೆಯನ್ನು ಅಗ್ಗಕ್ಕೆ ಕೊಂಡು ಯಾರಿಗೆ ಮಾರುವ ಆಟ ಇದು ಎಂದ. ಪೈಪು ಬಂದಿಲ್ಲ. ಅಕ್ಕಾರು ಈಗಲೂ ಆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಅವರಿಗೆ ಒಪ್ಪುವ ನೀರಿನ ಮನೆಗಾಗಿ ನಾನು ಕ್ಯಾನು ಹಿಡಿದು ಮಕ್ತಲ್, ಗದ್ವಾಲ, ವಡ್ಡೆಪಲ್ಲಿಯ ತನಕ ಅಲೆಯುತ್ತಿದ್ದೇನೆ. ಒಂದೂ ಸಿಕ್ಕಿಲ್ಲ. ಸಿಕ್ಕ ನೀರು ಒಳ್ಳೆಯದಿದ್ದರೆ ಮೆಟ್ಟಿಲು ಜಾಸ್ತಿ, ಮೆಟ್ಟಿಲು ಇಲ್ಲದಿದ್ದರೆ ನೀರು ಸವಳು.

ಅದಕ್ಕಿಂತ ಕೆಟ್ಟದ್ದೆಂದರೆ ಸೀರೆ ಅಂಗಡಿಯ ಗಾದಿಯಿಂದ ಮಾತು ಬಲು ಬೇಗ ಹರಡುತ್ತದೆ. ಆ ಮುದುಕ ನಗಿಸಿದರೆ ಓಡಿ ಹೋಗು, ಬೈದರೆ ಮಾತ್ರ ನಿಂತು ಕೇಳು ಎಂದು ಹೆಂಗಸರಿಂದ ಹೆಂಗಸರಿಗೆ ಹೋಗಿದೆ. ಈಗ ಬರುವ ಗಿರಾಕಿಗಳು ಮನೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಕೇಳಿದ್ದನ್ನೇ ಕೇಳಿ ನನ್ನನ್ನು ಕೆಣಕುತ್ತಾರೆ. ಜೀವನವಿಡೀ ಊರನ್ನು ಕೆಣಕಿದವನಿಗೆ ಕೆಣಕಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಯಾರ ಹತ್ತಿರ ಹೇಳಿಕೊಳ್ಳಲಿ.

ಹೋದ ವಾರ ಗದ್ವಾಲದಲ್ಲಿ ಒಬ್ಬ ಡಾಕ್ಟರ್ ಗಂಡ ಹೆಂಡತಿಗೆ ಮನೆ ತೋರಿಸಿದೆ. ಬೆಳಕು ಗಾಳಿ ಇರುವ ಕಲ್ಲಿನ ಕಟ್ಟಡ, ಗೋಡೆ ಒಂದೂವರೆ ಅಡಿ ದಪ್ಪ, ಒಂದು ಐಬೂ ಇಲ್ಲ. ತೋರಿಸಲಿಕ್ಕೆ ಹುಡುಕಿದರೂ ನನಗೆ ಗೀರು ಸಿಗಲಿಲ್ಲ. ಗೋಡೆ ಗಟ್ಟಿ ಇದೆಯೇ ಎಂದು ಆಯಮ್ಮ ಕೇಳಿದಳು. ಇದೆ ಎಂದೆ. ಪಡಸಾಲೆಯಲ್ಲಿ ಮತ್ತೆ ಕೇಳಿದಳು. ಮೆಟ್ಟಿಲಲ್ಲಿ ಕೇಳಿದಳು. ನಾಲ್ಕನೆಯ ಸಲ ಕೇಳಿದಾಗ ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿ ಹಿಡಿದು ನನ್ನ ಹುಬ್ಬನ್ನೇ ನೋಡುತ್ತಿದ್ದರು. ಯಾವಾಗ ಸಿಡಿಯುತ್ತಾನೆ ಎಂದು ಕಾಯುತ್ತಿದ್ದಾರೆ ಎಂಬುದು ತಿಳಿಯಿತು. ಸಿಡಿಯಬೇಕು ಎಂದು ನಾನೂ ಹಲ್ಲು ಕಚ್ಚಿದೆ. ಆದರೆ ಆ ಡಾಕ್ಟರನ ಮುಖ, ಸೂಜಿ ಚುಚ್ಚಿ ಮಗು ಅಳುವುದನ್ನು ಕಾಯುವ ಹಾಗಿತ್ತು. ನನಗೆ ತಡೆಯಲಾಗಲಿಲ್ಲ, ಫಕ್ಕನೆ ನಗು ಬಂದುಬಿಟ್ಟಿತು.

ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಯೋಚಿಸಿ ಫೋನ್ ಮಾಡುತ್ತೇವೆ ಅಂಕಲ್ ಎಂದು ಹೇಳಿ ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಿಜವಾದ ಸಿಟ್ಟು ಬಂತು. ನೋಡುವವರು ಯಾರೂ ಇರಲಿಲ್ಲ. ಆ ಗೋಡೆಗೆ ಬಲವಾಗಿ ಒಂದು ಒದೆ ಕೊಟ್ಟೆ. ಗೋಡೆ ಗಟ್ಟಿಯೇ ಇತ್ತು. ಹೆಬ್ಬೆರಳು ಇನ್ನೂ ಊದಿಕೊಂಡಿದೆ.